ಗಾಳಿ, ಉಪ್ಪು, ಉಬ್ಬರ: ಲಾ ಡೀಗ್ ದ್ವೀಪದಲ್ಲಿ ಈಜುಡುಗೆ ಶೂಟ್

ಮೊದಲ ದಿನ

ಹಿಂದೂ ಮಹಾಸಾಗರದ ಸೆಶೆಲ್ಸ್‌ನ ದೊಡ್ಡ ದ್ವೀಪ ಮಾಹೆಯಿಂದ ಹೊರಟ ಫೆರ್ರಿ ಗಂಟೆ ಚಿಲ್ಲರೆಯಲ್ಲಿ ಪ್ರಾಸ್ಲಿನ್ ದ್ವೀಪ ಮುಟ್ಟಿತು. ಅಲ್ಲಿಂದ ಲಾ ಡೀಗ್‌ಗೆ ಮತ್ತೆ ಕಾಲು ಗಂಟೆ. ಅಷ್ಟರಲ್ಲಿ ಮೇಕಪ್ ಕಲಾವಿದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿಯಾಗಿತ್ತು. ನನ್ನ ಸಹಾಯಕ ಹುಡುಗ ಮಾತ್ರ ಲೈಟಿನ ಪೆಟ್ಟಿಗೆಗಳ ಮೇಲೆ ಕೈ ಚಾಚಿಕೊಂಡು ಸುಖವಾಗಿ ನಿದ್ದೆ ಹೊಡೆಯುತ್ತಿದ್ದ.

ಈಜುಡುಗೆ ಶೂಟ್ ಎಂದ ಕೂಡಲೇ ಜನ ಕಣ್ಣರಳಿಸಿ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಫೋಟೊಗ್ರಾಫರ್ ಆದ ನನ್ನ ಪಾಲಿಗೆ ಅದು ಶುರುವಾಗುವುದು ಬ್ಯಾಟರಿ ಲೆಕ್ಕದಿಂದ. ವಿಮಾನದಲ್ಲಿ ಲಿಥಿಯಂ ಬ್ಯಾಟರಿ ಒಂದೊಂದೂ 100 ವ್ಯಾಟ್-ಅವರ್ (ತುಂಬಿಟ್ಟ ವಿದ್ಯುತ್ತಿನ ಅಳತೆ) ಒಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗಿನದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡಕ್ಕೆ ಮಾತ್ರ. ಅದಕ್ಕೂ ಮೇಲಿನದ್ದನ್ನು ನಮ್ಮಂಥವರು ಒಯ್ಯುವಂತೆಯೇ ಇಲ್ಲ. ನನ್ನ ಹೊರಾಂಗಣ ಫ್ಲ್ಯಾಶ್‌ಗಳನ್ನು ಈ ಮಿತಿ ನೋಡಿಕೊಂಡೇ ಕೊಂಡಿದ್ದೇನೆ. ಬಿಡಿ ಬ್ಯಾಟರಿ ಲಗೇಜಿಗೆ ಹಾಕಬಾರದು, ಹಾಗಾಗಿ ತಂಡದ ಪ್ರತಿಯೊಬ್ಬರ ಕೈಚೀಲದಲ್ಲೂ ನನ್ನದೊಂದು ಬ್ಯಾಟರಿ ಕೂತಿತ್ತು. ಮಾಡೆಲ್‌ಗಳ ಚೀಲದಲ್ಲೂ.

ಅವರು ಇಬ್ಬರು. ಒಬ್ಬರು ಹತ್ತು ವರ್ಷದಿಂದ ಈ ಕೆಲಸದಲ್ಲಿರುವವರು, ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಾಗುತ್ತದೆ. ಇನ್ನೊಬ್ಬರು ಇಪ್ಪತ್ತಾರರ ಹುಡುಗಿ, ಉಡುಪಿನ ಕ್ಯಾಟಲಾಗ್‌ಗಳಲ್ಲಿ ಪಳಗಿದ್ದರೂ ಈಜುಡುಗೆಗೆ ಹೊಸಬರು. ಜೊತೆಗೆ ಸ್ಟೈಲಿಸ್ಟ್ ಮೇಡಂ, ಬಟ್ಟೆ ಕಂಪನಿಯ ಪ್ರತಿನಿಧಿ.

ಸಾಮಾನು ಇಳಿಸಿದ ಮೇಲೆ ನಾನೂ ಹುಡುಗನೂ ಸೈಕಲ್ ಹತ್ತಿ ಜಾಗ ನೋಡಲು ಹೋದೆವು. ಕ್ಯಾಮೆರಾ ಒಯ್ಯಲಿಲ್ಲ. ಸೂರ್ಯನ ದಾರಿ ತೋರಿಸುವ ಆ್ಯಪ್, ದಿಕ್ಸೂಚಿ, ಉಬ್ಬರ-ಇಳಿತದ ಪಟ್ಟಿ, ಅಷ್ಟೇ. ಇಲ್ಲಿನ ಬಂಡೆಗಳು ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ನಡುಗಡಲಿನ ದ್ವೀಪಗಳೆಂದರೆ ಸಾಮಾನ್ಯವಾಗಿ ಜ್ವಾಲಾಮುಖಿಯ ಕಲ್ಲು ಇಲ್ಲವೇ ಹವಳ. ಇಂಥ ನಯವಾದ, ತುಸು ಗುಲಾಬಿ ಬೆರೆತ ಬೂದು ಕಲ್ಲು ಅಪರೂಪ. ಕಪ್ಪು ಲಾವಾ ಕಲ್ಲಿನ ಮುಂದೆ ಚರ್ಮ ಬಿಳಿಚಿ ಕಾಣುತ್ತದೆ, ಈ ಕಲ್ಲಿನ ಮುಂದೆ ಯಾವ ಮೈಬಣ್ಣವೂ ಸೋಲುವುದಿಲ್ಲ. ಫ್ಯಾಷನ್‌ನವರು ಇಷ್ಟು ದೂರ ಬರುವುದಕ್ಕೆ ನೀಲಿ ನೀರಿಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಲೆಕ್ಕ. ನೀಲಿ ನೀರು ಬೇರೆ ಕಡೆಯೂ ಸಿಗುತ್ತದೆ.

ಭೂಮಧ್ಯ ರೇಖೆಯಿಂದ ಈ ಜಾಗ ನಾಲ್ಕು ಡಿಗ್ರಿ ಚಿಲ್ಲರೆ ದಕ್ಷಿಣಕ್ಕಿದೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ, ನಾಲ್ಕು ನಿಮಿಷಕ್ಕೊಂದು ಡಿಗ್ರಿಯಂತೆ. ಉತ್ತರ ಯುರೋಪಿನ ಬೇಸಿಗೆಯಲ್ಲಿ ಎಳೆದಷ್ಟೂ ಬರುವ ಹೊಂಬಿಸಿಲು ಇಲ್ಲಿ ಅರ್ಧ ಗಂಟೆ, ಬಹಳವೆಂದರೆ ಮುಕ್ಕಾಲು ಗಂಟೆ. ಒಂಬತ್ತು ದಾಟಿತೆಂದರೆ ಬಿಸಿಲು ಮೇಲಿನಿಂದ ಬಡಿದು ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಹಾಗಾಗಿ ಎಲ್ಲಿ, ಯಾವಾಗ ಎಂಬ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಾಗದದ ಮೇಲೆ ಬರಬೇಕು.

ಪಶ್ಚಿಮ ದಂಡೆಯ ಆನ್ಸ್ ಸೂರ್ಸ್ ದಾರ್ಜಾನ್ ಬೆಳಗ್ಗೆಗೆ ಎಂದು ಬರೆದುಕೊಂಡೆ. ಪಶ್ಚಿಮಕ್ಕೆ ಮುಖ ಮಾಡಿದ ಕಡಲತೀರವನ್ನು ಸಂಜೆಗಿಡುವುದು ಬಿಟ್ಟು ಬೆಳಗ್ಗೆ ಏಕೆ ಎಂದು ಹುಡುಗ ಕೇಳಿದ. ದ್ವೀಪದ ಬೆನ್ನಿಗೆ 333 ಮೀಟರ್ ಎತ್ತರದ ಗುಡ್ಡವಿದೆ. ಸೂರ್ಯ ಅದನ್ನು ದಾಟಿ ಬರುವವರೆಗೆ ತೀರವಿಡೀ ತೆಳುನೆರಳು, ಆಕಾಶದ ಬೆಳಕು ಮಾತ್ರ. ಬಟ್ಟೆಯ ಹೊಲಿಗೆ, ನೆರಿಗೆ, ಬಣ್ಣ ನಿಖರವಾಗಿ ಕಾಣಬೇಕಾದ ಕ್ಯಾಟಲಾಗ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬೆಳಕು ಯಾವ ಸ್ಟುಡಿಯೋದಲ್ಲೂ ಇಲ್ಲ.

ಎರಡನೇ ದಿನ

ಐದೂವರೆಗೆ ಕತ್ತಲಲ್ಲೇ ಹೊರಟೆವು. ಚಿತ್ರೀಕರಣದ ಅನುಮತಿ ಪತ್ರ ಮೊದಲೇ ಕೈಯಲ್ಲಿತ್ತು. ಮೊದಲು ನಿಲ್ಲಿಸಿದ್ದು ಲೈಟನ್ನಲ್ಲ, ಬಟ್ಟೆ ಬದಲಿಸುವ ಗುಡಾರವನ್ನು. ಅದರ ಬಾಗಿಲು ಕ್ಯಾಮೆರಾದ ಕಡೆಗೂ ಇರಬಾರದು, ಜನ ನಡೆಯುವ ದಾರಿಯ ಕಡೆಗೂ ಇರಬಾರದು. ಎರಡು ಬಂಡೆಗಳ ನಡುವಿನ ಸಂದಿ ಸಿಕ್ಕಿತು. ಒಳಗೆ ಚಾಪೆ, ಕನ್ನಡಿ, ಎರಡು ದಪ್ಪ ನಿಲುವಂಗಿ, ಬಿಸಿನೀರಿನ ಫ್ಲಾಸ್ಕ್. ಗುಡಾರ ಸರಿಯಿಲ್ಲದ ಕಡೆ ತೆಗೆದ ಫೋಟೊ ನೋಡಿದರೆ ನನಗೆ ಗೊತ್ತಾಗಿಬಿಡುತ್ತದೆ. ಮಾಡೆಲ್‌ನ ಭುಜ ಒಂದಿಷ್ಟು ಮೇಲಕ್ಕೆ ಬಂದಿರುತ್ತದೆ.

ಹೊಸಬರ ಜೊತೆ ಹಿಂದಿನ ರಾತ್ರಿಯೇ ಕೂತು ಮಾತಾಡಿದ್ದೆ. ಒಪ್ಪಂದದ ಪತ್ರದಲ್ಲಿ ಚಿತ್ರಗಳ ಬಳಕೆ ಎಲ್ಲೆಲ್ಲಿ, ಎಷ್ಟು ಕಾಲ ಎಂಬುದೆಲ್ಲ ಇರುತ್ತದೆ. ನಾನು ಕೇಳುವುದು ಅದರಲ್ಲಿಲ್ಲದ್ದನ್ನು: ಯಾವುದು ಬೇಡ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಬಗ್ಗಿ ನಿಂತಿದ್ದನ್ನ ಹಿಂದಿನಿಂದ ತೆಗೆಯೋದು ಬೇಡ ಸರ್. ಮತ್ತೆ ನಾನು ಎದ್ದು ಬರ್ತಿರೋವಾಗ, ಬಟ್ಟೆ ಸರಿಮಾಡ್ಕೊಳ್ತಿರೋವಾಗ ಕ್ಲಿಕ್ ಮಾಡ್ಬೇಡಿ." ಎರಡನ್ನೂ ಬರೆದು ಎಲ್ಲರಿಗೂ ಓದಿ ಹೇಳಿದೆ, ಕಂಪನಿಯವರಿಗೂ. ಎರಡನೆಯ ಮಾತನ್ನು ಎಲ್ಲ ಫೋಟೊಗ್ರಾಫರುಗಳೂ ಗೋಡೆಗೆ ಬರೆದು ಹಾಕಿಕೊಳ್ಳಬೇಕು. ಎರಡು ಭಂಗಿಗಳ ನಡುವಿನ ಗಳಿಗೆ ಮಾಡೆಲ್‌ನದು. 'ಸಹಜವಾಗಿ ಬರುತ್ತೆ' ಎಂದು ಅಲ್ಲೂ ಬಟನ್ ಒತ್ತುವವರಿದ್ದಾರೆ, ಅಂಥವರ ಮುಂದೆ ಮಾಡೆಲ್‌ಗಳು ದಿನವಿಡೀ ಸೆಟೆದುಕೊಂಡೇ ಇರುತ್ತಾರೆ.

ಮೊದಲ ಸರದಿ ಒಣ ಬಟ್ಟೆಯದು. ಈಜುಡುಗೆ ಬಟ್ಟೆ ಬಹುತೇಕ ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಇಲಾಸ್ಟೇನ್ ಎಂಬ ಹಿಗ್ಗುವ ನೂಲು ಸೇರಿಸಿ ಹೆಣೆದದ್ದು. ಒದ್ದೆಯಾದರೆ ಬಣ್ಣ ಗಾಢವಾಗುತ್ತದೆ, ಮತ್ತೆ ಒಣಗುವವರೆಗೆ ಕಾಯುವಷ್ಟು ಬೆಳಕು ಇರುವುದಿಲ್ಲ. ಆದ್ದರಿಂದ ಒಣಗಿದ್ದು ಮೊದಲು, ನೀರಿನ ಚಿತ್ರ ಕೊನೆಗೆ, ಈ ಕ್ರಮ ತಪ್ಪುವಂತಿಲ್ಲ. ಪ್ರತಿ ಬಟ್ಟೆಯ ಮೊದಲ ಚಿತ್ರದಲ್ಲಿ ಮಾಡೆಲ್ ಕೈಯಲ್ಲಿ ಬಣ್ಣದ ಕಾರ್ಡ್ ಹಿಡಿಸಿದೆ. ಕಡುಗಿತ್ತಳೆ, ಗಿಳಿಹಸಿರಿನಂಥ ಫ್ಲೋರೊಸೆಂಟ್ ಬಣ್ಣಗಳು ಸೆನ್ಸರ್‌ಗೆ ಬಲು ಕಾಟ. ಪರದೆಯ ಮೇಲೆ ಒಟ್ಟಾರೆ ಬೆಳಕು ಸರಿ ಎನಿಸಿದರೂ ಕೆಂಪು ಚಾನೆಲ್ ಮಾತ್ರ ಉಕ್ಕಿ ಹೋಗಿರುತ್ತದೆ. ಆಮೇಲೆ ಬಟ್ಟೆಯಲ್ಲಿ ನೆರಿಗೆಯೇ ಇಲ್ಲದ ಒಂದು ಕಿತ್ತಳೆ ತೇಪೆ ಉಳಿಯುತ್ತದೆ. ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೊಗ್ರಾಮ್, ನೋಡುವಾಗ ಮೂರೂ ಬಣ್ಣ ಬಿಡಿಬಿಡಿಯಾಗಿ ನೋಡಬೇಕು.

ಸ್ಟೈಲಿಸ್ಟ್ ಮೇಡಂ ಕೆಲಸ ನೋಡುವುದೇ ಒಂದು ಹಬ್ಬ. ಬೆನ್ನ ಹಿಂದೆ ಕ್ಲಿಪ್, ಅಂಚಿನಲ್ಲಿ ಎರಡೂ ಬದಿ ಅಂಟುವ ಟೇಪ್. ಮೈಗೆ ಅಂಟಿದ ಒಣ ಮರಳಿಗೆ ಬೇಬಿ ಪೌಡರ್ ಉದುರಿಸಿ ಮೇಕಪ್ ಬ್ರಷ್ಷಿನಿಂದ ಸವರಿದರೆ ಮರಳು ತಾನಾಗಿ ಜಾರಿತು. ಕೈಯಿಂದ ಉಜ್ಜಿದ್ದರೆ ಚರ್ಮ ಕೆಂಪೇರುತ್ತಿತ್ತು. ಇಲಾಸ್ಟಿಕ್‌ನ ಗುರುತು ಬೀಳಬಾರದೆಂದು ಇಬ್ಬರೂ ಬೆಳಗ್ಗೆ ಎದ್ದಾಗಿನಿಂದ ಸಡಿಲ ಉಡುಪಿನಲ್ಲೇ ಇದ್ದರು. ಭುಜಪಟ್ಟಿ ಒಂದಿಷ್ಟು ಜರುಗಿದರೆ ನಾನು "ಮೇಡಂ, ಎಡಗಡೆ" ಎನ್ನುತ್ತೇನೆ, ಕೈ ಹಾಕುವುದು ಅವರು, ಅದೂ "ಸರಿಮಾಡ್ಲಾ?" ಎಂದು ಕೇಳಿ. ಫೋಟೊಗ್ರಾಫರ್ ಮುಟ್ಟುವುದಿಲ್ಲ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಭಂಗಿಯ ವಿಷಯದಲ್ಲಿ ನಾನು ಹೇಳುವುದು ಕಡಿಮೆ. ಹಿಂಗಾಲಿನ ಮೇಲೆ ಭಾರ, ಉಸಿರು ಹೊರಗೆ ಬಿಟ್ಟ ಗಳಿಗೆ, ಬೆರಳು ಸಡಿಲ. ಕ್ಯಾಮೆರಾ ಸೊಂಟದ ಎತ್ತರಕ್ಕಿಳಿಸಿದರೆ ಕಾಲು ಉದ್ದ ಕಾಣುತ್ತದೆ, ಆದರೆ ಅಗಲದ ಲೆನ್ಸ್ ಹಾಕಿ ಹಾಗೆ ಮಾಡಿದರೆ ಅಂಚಿನಲ್ಲಿರುವ ಪಾದ ಎರಡು ಪಟ್ಟು ಹಿಗ್ಗಿ ಕಾಣುತ್ತದೆ. 85 ಮಿಲಿಮೀಟರ್ ಲೆನ್ಸಿನಲ್ಲೇ ಇದ್ದೆ. ದಿಗಂತದ ಗೆರೆ ಕುತ್ತಿಗೆಯನ್ನು ಕೊಯ್ಯದಂತೆ ನೋಡಿಕೊಂಡೆ. ಚಿತ್ರಗಳು ಟ್ಯಾಬ್ಲೆಟ್‌ಗೆ ಆಗಿಂದಾಗ್ಗೆ ಬೀಳುವ ಹಾಗೆ ಮಾಡಿ ಅದನ್ನು ಹೊಸಬರ ಕಡೆಗೆ ತಿರುಗಿಸಿಟ್ಟಿದ್ದೆ. ಮೊದಲ ಹತ್ತು ನಿಮಿಷ ಅವರು ಪ್ರತಿ ಕ್ಲಿಕ್ಕಿಗೂ ಆ ಕಡೆ ನೋಡುತ್ತಿದ್ದರು. ಆಮೇಲೆ ನೋಡುವುದನ್ನೇ ಬಿಟ್ಟರು. ಚಿತ್ರ ಬರತೊಡಗಿದ್ದು ಅಲ್ಲಿಂದ.

ಎಂಟೂವರೆಯ ಹೊತ್ತಿಗೆ ಬಿಸಿಲು ಗುಡ್ಡ ಹತ್ತಿ ಬಂತು. ಬಿಳಿ ಮರಳು ಕೆಳಗಿನಿಂದ ಬೆಳಕು ಎಸೆಯುವುದರಿಂದ ಗಲ್ಲದಡಿಯ ನೆರಳು ತಾನೇ ತುಂಬಿಕೊಳ್ಳುತ್ತದೆ, ರಿಫ್ಲೆಕ್ಟರ್ ಬೇಕಾಗಲಿಲ್ಲ. ಆದರೆ ಅದೇ ಮರಳು ಕ್ಯಾಮೆರಾದ ಮೀಟರನ್ನು ಮೋಸ ಮಾಡುತ್ತದೆ, ಚರ್ಮ ಕಪ್ಪಿಡುತ್ತದೆ. ಮುಖದ ಮುಂದೆ ಹಿಡಿದು ಬೆಳಕು ಅಳೆಯುವ ಹಳೆಯ ಕೈಮೀಟರನ್ನು ನಾನು ಇನ್ನೂ ಬಿಟ್ಟಿಲ್ಲ. ಪ್ರವಾಸಿಗರು ಬರತೊಡಗಿದರು, ಫೋನುಗಳು ಮೇಲೆದ್ದವು. ಸಾರ್ವಜನಿಕ ಜಾಗ, ಹೋಗಿ ಎನ್ನುವ ಹಕ್ಕು ನಮಗಿಲ್ಲ. ಹುಡುಗ ಆರಡಿ ಚೌಕಟ್ಟಿಗೆ ಕಪ್ಪು ಬಟ್ಟೆ ಸಿಕ್ಕಿಸಿ ಅವರಿಗೂ ನಮಗೂ ನಡುವೆ ನಿಲ್ಲಿಸಿದ. ಬೆಳಕು ತಡೆಯಲು ತಂದದ್ದು ಕಣ್ಣು ತಡೆಯಿತು. ಹಿರಿಯ ಮಾಡೆಲ್ "ಇವತ್ತಿಗೆ ಸಾಕು ಅನ್ಸುತ್ತೆ" ಎಂದರು. ಪಟ್ಟಿಯಲ್ಲಿ ಇನ್ನೊಂದು ಬಟ್ಟೆ ಬಾಕಿಯಿತ್ತು. ಹಾಗೇ ಬಿಟ್ಟೆವು.

ಮೂರನೇ ದಿನ

ಗ್ರಾಂಡ್ ಆನ್ಸ್ ತೀರ ಇರುವುದು ದ್ವೀಪದ ಇನ್ನೊಂದು ಮಗ್ಗುಲಲ್ಲಿ, ಆಗ್ನೇಯಕ್ಕೆ ತೆರೆದುಕೊಂಡು. ಸೂರ್ಸ್ ದಾರ್ಜಾನ್ ಮುಂದೆ ಹವಳದ ದಿಬ್ಬ ಅಡ್ಡವಿದ್ದು ಅಲೆ ಸತ್ತುಹೋಗುತ್ತದೆ, ಇಲ್ಲಿ ಅಂಥ ತಡೆಯಿಲ್ಲ. ಮೇನಿಂದ ಅಕ್ಟೋಬರ್‌ವರೆಗೆ ಆಗ್ನೇಯದ ಮಾರುತ ನೇರವಾಗಿ ಹೊಡೆಯುತ್ತದೆ. ನಾವು ಹೋದದ್ದು ಏಪ್ರಿಲ್ ಕೊನೆಗೆ, ಗಾಳಿ ತಿರುಗುವ ಮುನ್ನ ಮುಗಿಸೋಣವೆಂದು. ಗಾಳಿ ಕ್ಯಾಲೆಂಡರ್ ನೋಡುವುದಿಲ್ಲವಲ್ಲ.

ಬಿಸಿಲು ಆಗಲೇ ಚುರುಕಾಗಿತ್ತು. ಮಾಡೆಲ್ ತಲೆಯ ಮೇಲೆ ಬಿಳಿ ರೇಷ್ಮೆಯ ಆರಡಿ ಚೌಕಟ್ಟು ಹಿಡಿದರೆ ಬಿಸಿಲು ಮೆತ್ತಗಾಗುತ್ತದೆ. ಎರಡೂ ಸ್ಟ್ಯಾಂಡಿಗೆ ಮರಳು ಚೀಲ ಕಟ್ಟಿ ಎತ್ತಿ ನಿಲ್ಲಿಸಿದ್ದೇ ತಡ, ಅದು ದೋಣಿಯ ಹಾಯಿಯಂತೆ ಉಬ್ಬಿತು. "ಸರ್, ಎಳ್ಕೊಂಡು ಹೋಗ್ತಿದೆ!" ಎಂದು ಹುಡುಗ ಕೂಗುವಷ್ಟರಲ್ಲಿ ನಾಲ್ಕು ಹೆಜ್ಜೆ ಹೋಗಿಯಾಗಿತ್ತು. ಇಳಿಸಿಬಿಟ್ಟೆ. ತಲೆಯ ಮೇಲೆ ಲೋಹದ ಚೌಕಟ್ಟು ಹಾರುವ ಜಾಗದಲ್ಲಿ ಯಾರನ್ನೂ ನಿಲ್ಲಿಸಬಾರದು, ಬರಿಮೈಯಲ್ಲಿ ಇರುವವರನ್ನಂತೂ ಅಲ್ಲವೇ ಅಲ್ಲ.

ಬದಲಿಗೆ ಸೂರ್ಯನನ್ನು ಅವರ ಬೆನ್ನಿಗೆ ಹಾಕಿ, ಮುಂದಿನಿಂದ ಫ್ಲ್ಯಾಶ್ ತುಂಬಿದೆ. ಇಲ್ಲಿ ಲೆಕ್ಕ ಸ್ವಲ್ಪ ಬಿಗಿ. ಸುಡು ಬಿಸಿಲಲ್ಲಿ ಐಎಸ್ಒ (ಸೆನ್ಸರ್‌ನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8 ಇಟ್ಟರೆ ಶಟರ್ 1/3200 ಸೆಕೆಂಡಿನ ಹತ್ತಿರ ಹೋಗಬೇಕು. ಫ್ಲ್ಯಾಶ್ ಪೂರ್ತಿ ಚೌಕಟ್ಟಿಗೆ ಬೀಳುವುದು 1/200, 1/250ರವರೆಗೆ ಮಾತ್ರ. ವೇಗದ ಶಟರಿಗೂ ಫ್ಲ್ಯಾಶ್ ಹೊಂದಿಸುವ ಹೈ-ಸ್ಪೀಡ್ ಸಿಂಕ್ ಹಾಕಬಹುದು, ಆದರೆ ಆಗ ಫ್ಲ್ಯಾಶಿನ ಬಲ ಕುಸಿದು ಬ್ಯಾಟರಿ ಬೇಗ ಮಲಗುತ್ತದೆ. ನಾನು ನಾಲ್ಕು ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಬೆಳಕನ್ನು ಹದಿನಾರರಲ್ಲೊಂದು ಪಾಲಿಗೆ ಇಳಿಸುವ ಕಪ್ಪು ಗಾಜು, ಹಾಕಿ 1/200ರಲ್ಲೇ ಕೆಲಸ ಮಾಡಿದೆ. ವ್ಯೂಫೈಂಡರ್ ಒಳಗೆ ಕತ್ತಲೆ ಕವಿದಂತಿರುತ್ತದೆ, ಅಭ್ಯಾಸವಾಗಬೇಕು.

ಆಗ ಕಂಪನಿಯ ಪ್ರತಿನಿಧಿಗೊಂದು ಆಸೆ ಹುಟ್ಟಿತು: ಹೊಸಬರು ಅಲೆ ಮುರಿಯುವ ಜಾಗದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಕು. ಈ ತೀರದಲ್ಲಿ ಸೆಳೆತ ಜೋರು, ಎಚ್ಚರಿಕೆಯ ಫಲಕವನ್ನು ಎಲ್ಲರೂ ದಾಟಿಯೇ ಬಂದಿದ್ದೆವು. ಹುಡುಗಿ ನೀರನ್ನೊಮ್ಮೆ ನೋಡಿ, "ಇಲ್ಲ, ನಂಗಾಗಲ್ಲ" ಎಂದರು. ಪ್ರತಿನಿಧಿ ನನ್ನ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ಫೋಟೊಗ್ರಾಫರ್ ನಕ್ಕು "ಒಂದೇ ಸಲ ಟ್ರೈ ಮಾಡೋಣ" ಎಂದರೆ ಮುಗಿಯಿತು, ಹುಡುಗಿ ಕೂರುತ್ತಾರೆ. ಆ ಮಾತಿನ ಭಾರ ನನಗೆ ಗೊತ್ತು. "ಅವರು ಆಗಲ್ಲ ಅಂದ್ರಲ್ಲ ಸರ್" ಎಂದೆ.

ಚಿತ್ರಕ್ಕೆ ಬೇರೆ ದಾರಿಯಿತ್ತು. ಅವರನ್ನು ನೀರಿನಿಂದ ಎಷ್ಟೋ ಮೇಲೆ ಒದ್ದೆ ಮರಳಿನ ಮೇಲೆ ಕೂರಿಸಿ, ನಾನು ದೂರದ್ದನ್ನು ಹತ್ತಿರ ತರುವ ಎಪ್ಪತ್ತು-ಇನ್ನೂರರ ಲೆನ್ಸ್ ಹಿಡಿದು ತೆಂಗಿನ ಸಾಲಿನವರೆಗೆ ಹಿಂದೆ ಹೋದೆ, ಮರಳಿನಲ್ಲಿ ಮೊಣಕೈ ಊರಿ ಮಲಗಿದೆ. ಅಷ್ಟು ದೂರದಿಂದ 200 ಮಿಲಿಮೀಟರ್‌ನಲ್ಲಿ ನೋಡಿದರೆ ಅಂತರವೆಲ್ಲ ಮಡಚಿಕೊಂಡು ಹಿಂದಿನ ಅಲೆ ಎದ್ದು ಬೆನ್ನಿಗೇ ಬಂದಂತೆ ಕಾಣುತ್ತದೆ. ಅಲೆ ಅವರ ಭುಜದ ಎತ್ತರಕ್ಕೆ ಎದ್ದು ಬಾಗುವ ಕ್ಷಣಕ್ಕೆ ಕಾದು ಕ್ಲಿಕ್ಕಿಸಿದೆ. ಪಾದಕ್ಕೆ ನೊರೆಯೂ ತಾಗಿರಲಿಲ್ಲ. ಟ್ಯಾಬ್ಲೆಟ್ ನೋಡಿದ ಪ್ರತಿನಿಧಿ ಇನ್ನೊಂದಿಷ್ಟು ಹೀಗೇ ಬೇಕು ಎಂದರು.

ಗಾಳಿಯಲ್ಲಿ ಒದ್ದೆ ಮೈ ಬಿಸಿ ದೇಶದಲ್ಲೂ ನಡುಗುತ್ತದೆ. ತೋಳಿನ ಮೇಲೆ ನವಿರೆದ್ದರೆ ಹತ್ತಿರದ ಚಿತ್ರದಲ್ಲಿ ಒಂದೊಂದೂ ಎದ್ದು ಕಾಣುತ್ತದೆ, ಆಮೇಲೆ ತಿದ್ದಿದರೆ ಚರ್ಮ ಪ್ಲಾಸ್ಟಿಕ್ ಆಗುತ್ತದೆ. ಹತ್ತು ನಿಮಿಷ ಕೆಲಸ, ಹತ್ತು ನಿಮಿಷ ನಿಲುವಂಗಿಯೊಳಗೆ ಬಿಸಿನೀರಿನ ಚೀಲ. ಆ ವಿರಾಮದಲ್ಲಿ ನಾನು ಉಪ್ಪು ಒರೆಸುತ್ತಿದ್ದೆ. ಲೆನ್ಸಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ತೇವ ಮಾಡಿದ ಬಟ್ಟೆ, ಆಮೇಲೆ ಒಣಗಿದ್ದು. ಸನ್‌ಸ್ಕ್ರೀನ್ ಮೆತ್ತಿದ ಕೈ ಮಾತ್ರ ಕ್ಯಾಮೆರಾದ ಹತ್ತಿರ ಬರಕೂಡದು. ಬಿಳಿ ಈಜುಡುಗೆಯ ಹತ್ತಿರವೂ ಬರಕೂಡದು, ಅವೊಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಬಟ್ಟೆಗೆ ತಾಗಿ ಕಬ್ಬಿಣದಂಶದ ನೀರು ಸೋಕಿದರೆ ತುಕ್ಕಿನಂಥ ಹಳದಿ ಕಲೆ ಕೂತುಬಿಡುತ್ತದೆ.

ನಾಲ್ಕನೇ ದಿನ

ಮಳೆ. ಹಾರ್ಡ್ ಡಿಸ್ಕುಗಳಿಗೆ ಚಿತ್ರ ನಕಲು ಮಾಡುತ್ತ, ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ಮರಳು ತೊಳೆಯುತ್ತ ಕೂತೆವು.

ಮಾತು ಈ ಬಟ್ಟೆಯ ಚರಿತ್ರೆಗೆ ಹೊರಳಿತು. 1946ರ ಜುಲೈ 5ರಂದು ಪ್ಯಾರಿಸ್ಸಿನ ಮೊಲಿಟರ್ ಈಜುಕೊಳದ ಬಳಿ ಫ್ರೆಂಚ್ ವಿನ್ಯಾಸಕ ಲೂಯಿ ರೇಯಾರ್ ತನ್ನ ಬಿಕಿನಿ ತೋರಿಸಿದ. ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಅಣುಬಾಂಬ್ ಸಿಡಿಸಿ ಇನ್ನೂ ವಾರ ಆಗಿರಲಿಲ್ಲ. ತೊಡಲು ಮಾಡೆಲ್‌ಗಳು ಒಪ್ಪದೆ ಕ್ಯಾಸಿನೋ ದ ಪ್ಯಾರಿಸ್‌ನ ನರ್ತಕಿ ಮಿಶೆಲಿನ್ ಬರ್ನಾರ್ದಿನಿಯನ್ನು ಕರೆಸಿದ್ದ ಎಂದೆ. 1964ರಲ್ಲಿ ಅಮೆರಿಕದ ಕ್ರೀಡಾ ಪತ್ರಿಕೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಮೊದಲ ಈಜುಡುಗೆ ಸಂಚಿಕೆ ತಂದಿತು. ಮುಖಪುಟದಲ್ಲಿ ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ನಿಂತ ಬಾಬೆಟ್ ಮಾರ್ಚ್. ಅದೇ ವರ್ಷ ಟೈರ್ ಕಂಪನಿ ಪಿರೆಲಿಯ ಕ್ಯಾಲೆಂಡರ್ ಕೂಡ ಶುರು, ಅದನ್ನು ರಾಬರ್ಟ್ ಫ್ರೀಮನ್ ತೆಗೆದದ್ದು ಮಯೋರ್ಕಾದಲ್ಲಿ. ದೂರದ ದ್ವೀಪ, ಒಬ್ಬ ಫೋಟೊಗ್ರಾಫರ್, ಈಜುಡುಗೆ, ಈ ಮೂರರ ಗಂಟು ಬಿಗಿದದ್ದು ಆಗಲೇ ಇರಬೇಕು. ಸ್ಪೋರ್ಟ್ಸ್ ಇಲಸ್ಟ್ರೇಟೆಡ್‌ನ ಆ ಸಂಚಿಕೆಗಳನ್ನು ಮೂರು ದಶಕ ನೋಡಿಕೊಂಡ ಸಂಪಾದಕಿ ಜೂಲ್ ಕ್ಯಾಂಪ್‌ಬೆಲ್ ಚಿತ್ರದ ಜೊತೆ ಮಾಡೆಲ್‌ಗಳ ಹೆಸರನ್ನೂ ಅಚ್ಚು ಹಾಕಿಸತೊಡಗಿದರು. ಹಿರಿಯ ಮಾಡೆಲ್ ಉಗುರಿಗೆ ಬಣ್ಣ ಹಚ್ಚುತ್ತಲೇ ಅಂದರು, "ರೇಯಾರ್‌ಗೆ ಆಗಲ್ಲ ಅಂದವರ ಹೆಸರೂ ಯಾರಾದ್ರೂ ಬರೆದಿಟ್ಟಿದ್ರೆ ಚೆನ್ನಾಗಿತ್ತು."

ಐದನೇ ದಿನ

ಕೊನೆಯ ಸಂಜೆ, ಮತ್ತೆ ಸೂರ್ಸ್ ದಾರ್ಜಾನ್, ನೀರಿನ ಚಿತ್ರಗಳಿಗೆ. ಹುಣ್ಣಿಮೆ ಹತ್ತಿರವಿತ್ತು, ಸಂಜೆಯ ಉಬ್ಬರ ದೊಡ್ಡದು. ಬೆಳಗ್ಗೆ ಆರಾಮಾಗಿ ನಡೆದಿದ್ದ ಮರಳ ಪಟ್ಟಿ ಅಲ್ಲಲ್ಲಿ ನೀರಿನಡಿ ಹೋಗಿ, ಬಂಡೆ ಸುತ್ತಿ ಬರಲು ಮೊಣಕಾಲುದ್ದ ನೀರಿಗಿಳಿಯಬೇಕಾಯಿತು. ಪೆಟ್ಟಿಗೆಗಳೆಲ್ಲ ತಲೆಯ ಮೇಲೆ. ವಾಪಸ್ ಬರುವ ದಾರಿಯನ್ನು ಬೆಳಕಿರುವಾಗಲೇ ಗುರುತು ಮಾಡಿಟ್ಟೆವು. ಇಲ್ಲಿ ಸೂರ್ಯ ಮುಳುಗಿದ ಮೇಲೆ ಕತ್ತಲು ಕಾಯುವುದಿಲ್ಲ.

ನೀರಿಗಿಳಿಯುವ ಮುನ್ನ ಸ್ಟೈಲಿಸ್ಟ್ ಮೇಡಂ ಪ್ರತಿ ಬಟ್ಟೆಯ ಎದೆಭಾಗವನ್ನು ಒದ್ದೆ ಮಾಡಿ ಬಿಸಿಲಿಗೆ ಹಿಡಿದು ನೋಡಿದರು. ತಿಳಿಹಳದಿಯದೊಂದು ಒಳಪದರ ಸಾಲದೆ ಪಾರದರ್ಶಕವಾಯಿತು. ಅದು ಪಟ್ಟಿಯಿಂದ ಹೋಯಿತು. ಪ್ರತಿನಿಧಿ ಈ ಸಲ ಏನೂ ಹೇಳಲಿಲ್ಲ.

ಲೆನ್ಸಿನ ಮುಂದಿನ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ನೀರಿನ ಹೊಳಪು ಅಳಿದು ತಳದ ಹಸಿರು ಕಾಣುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಆದರೆ ಒದ್ದೆ ಚರ್ಮದ ಮೇಲಿನ ಮಿಂಚನ್ನೂ ಅದು ಅಳಿಸುತ್ತದೆ, ನೀರಿನಲ್ಲಿ ನಿಂತವರು ಒಣಗಿ ನಿಂತಂತೆ ಕಾಣುತ್ತಾರೆ. ಅರ್ಧ ತಿರುಗಿಸಿ ನಿಲ್ಲಿಸಿದೆ. ಸೂರ್ಯ ಕೆಳಗಿಳಿದಂತೆ ಅದರ ಬಣ್ಣ ಕಿತ್ತಳೆಯ ಕಡೆಗೆ, 3500 ಕೆಲ್ವಿನ್‌ನತ್ತ ಜಾರುತ್ತದೆ, ಫ್ಲ್ಯಾಶ್ ಹಗಲ ಬಿಳುಪಿನ 5500ರಲ್ಲೇ ಇರುತ್ತದೆ. ಹಾಗೇ ಹೊಡೆದರೆ ಹೊನ್ನಿನ ಬಣ್ಣದ ಕಡಲ ಮುಂದೆ ನೀಲಿ ಮುಖ. ಫ್ಲ್ಯಾಶಿಗೆ ಬೆಳಕನ್ನು ಕಿತ್ತಳೆಗೆ ತಿರುಗಿಸುವ ಹಾಳೆ, ಅರ್ಧ ಸಿಟಿಒ ಜೆಲ್, ಕಟ್ಟಿದೆ, ಹತ್ತು ನಿಮಿಷದ ನಂತರ ಪೂರ್ತಿ ಜೆಲ್. ಹುಡುಗ ಲೈಟನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ದಡದಲ್ಲೇ ಬಂಡೆಗೊರಗಿ ನಿಂತಿದ್ದ, ನೀರಿಗಿಳಿಯುವುದು ಬೇಡ ಎಂದಿದ್ದೆ. ಹೊಸಬರು ಸೊಂಟದವರೆಗಿನ ನೀರಿನಲ್ಲಿ ಕೂದಲು ಹಿಂಡುತ್ತ ನಿಂತರು, ಹೀಗೆ ನಿಲ್ಲುವುದು ಅವರದೇ ಯೋಚನೆ. ನನಗೆ ಕೆಲಸ ಉಳಿದದ್ದು ಗಡಿಯಾರ ನೋಡುವುದೊಂದೇ. ಆರೂಕಾಲಿಗೆ ಸೂರ್ಯ ಹೋದ. ಮೇಲಿನ ಮೋಡಕ್ಕೆ ಬಣ್ಣ ಏರಿದ ಐದಾರು ನಿಮಿಷ ಬೋನಸ್ಸು. ಆಮೇಲೆ ನಿಲುವಂಗಿ, ಟಾರ್ಚು, ತಲೆಯ ಮೇಲೆ ಪೆಟ್ಟಿಗೆ.

ರಾತ್ರಿ ಇಬ್ಬರೂ ಮಾಡೆಲ್‌ಗಳನ್ನು ಕೂರಿಸಿಕೊಂಡು ಎಲ್ಲ ಚಿತ್ರ ತೋರಿಸಿದೆ. ಒಪ್ಪಂದದ ಪ್ರಕಾರ ಹೀಗೆ ತೋರಿಸಲೇಬೇಕೆಂದಿಲ್ಲ. ಹಿರಿಯರು ತಮ್ಮದನ್ನು ಬೇಗ ಬೇಗ ನೋಡಿ ಎದ್ದರು. ಹೊಸಬರು ಗ್ರಾಂಡ್ ಆನ್ಸ್‌ನ ಒಂದು ಚಿತ್ರದ ಮುಂದೆ ನಿಂತರು. ಗಾಳಿಗೆ ಬಟ್ಟೆಯ ಅಂಚು ಸರಿದಿತ್ತು, ಅವರು ಅದನ್ನು ಹಿಡಿಯಲು ಕೈ ತರುತ್ತಿದ್ದರು. ಬೆಳಕು, ಅಲೆ, ನೋಟ ಎಲ್ಲ ಸೇರಿಬಂದಿದ್ದ ಚಿತ್ರ ಅದು. ಅದರ ಮುಂದಿನದೂ ಹಾಗೇ.

"ಇವೆರಡು?" ಎಂದರು.

ಅವರ ಎದುರಿಗೇ ಅಳಿಸಿದೆ, ನಕಲು ಡಿಸ್ಕಿನಿಂದಲೂ. ಮರುದಿನ ಫೆರ್ರಿಯಲ್ಲಿ ಪ್ರತಿನಿಧಿ ಪಟ್ಟಿ ನೋಡುತ್ತ ಕೂತಿದ್ದವರು ತಲೆಯೆತ್ತಿ ಕೇಳಿದರು, "ಮಧ್ಯದಲ್ಲಿ ಎರಡು ಫೈಲ್ ನಂಬರ್ ಇಲ್ವಲ್ಲ?"

"ಹೌದು, ಇಲ್ಲ" ಎಂದೆ. ಮೇಕಪ್ ಕಲಾವಿದೆಗೆ ಆಗಲೇ ತಲೆ ಸುತ್ತಲು ಶುರುವಾಗಿತ್ತು, ನೀರಿನ ಬಾಟಲಿ ತರಲು ಎದ್ದು ಹೋದೆ.